ಹತ್ತಿಸಿದ ಮೇಲೆ ಇಳಿಸಬೇಕಲ್ಲ

ಹಳೇಬೀಡಿನ ದೇವಸ್ಥಾನದ ಗೇಟು ಈಗಷ್ಟೇ ತೆರೆದಿದೆ. ಗುಡಿ ನಿಂತಿರುವ ಎತ್ತರದ ಕಟ್ಟೆಯ, ಜಗತಿಯ, ಮೆಟ್ಟಿಲ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಐವತ್ತು ದಾಟಿದ ಹೆಂಗಸೊಬ್ಬರು ಬರಿಗಾಲಲ್ಲಿ ಹತ್ತುತ್ತಾರೆ, ಇಳಿಯುತ್ತಾರೆ, ಸೆರಗಿನಿಂದ ಕಲ್ಲು ಒರೆಸಿ ಮತ್ತೆ ಹತ್ತುತ್ತಾರೆ. ಹರಕೆ ಇರಬೇಕು ಅಂದುಕೊಂಡು ನಾನು ಕೇಳಿದರೆ, “ಹರಕೆ ಎಲ್ಲಿಂದ ಬಂತು, ಹೆದ್ರಿಕೆ ಕಣ್ರೀ. ಎಲ್ಲಿ ಜಾರ್ತೈತೆ ಅಂತ ಕಾಲಿಗೆ ಗೊತ್ತಿರ್ಬೇಕು” ಅನ್ನುತ್ತಾರೆ.

ಇವರು ಬಸ್ತಿಹಳ್ಳಿಯ ಮುದ್ದಮ್ಮ. ಗೇಟಿನ ಎದುರು ಎಳನೀರು ಮಾರುತ್ತಾರೆ. ನಡೆಯಲಾಗದ ಹೆಣ್ಣುಮಕ್ಕಳು ಯಾರಾದರೂ ಬಂದರೆ ಮಚ್ಚು ಕೆಳಗಿಟ್ಟು, ಅವರನ್ನು ಬೆನ್ನ ಮೇಲೆ ಹೊತ್ತು ಜಗತಿ ಹತ್ತಿಸುತ್ತಾರೆ. ಎತ್ತಿಕೊಳ್ಳಲು ಗಂಡಸರಿಗೇನೂ ಬರವಿಲ್ಲ. ಆದರೆ ಗುರುತಿಲ್ಲದ ಗಂಡಸರ ತೋಳಿಗೆ ಬೀಳುವುದಕ್ಕಿಂತ ಕಾರಿನಲ್ಲೇ ಕೂತಿರುತ್ತೇವೆ ಎನ್ನುವವರ ಸಂಕಟ ಪ್ರವಾಸ ಹೊರಡಿಸುವವರ ತಲೆಗೆ ಹೋಗುವುದಿಲ್ಲ. ವಾರಕ್ಕೆ ಅಂಥ ಒಬ್ಬಿಬ್ಬರು ಬರುತ್ತಾರೆ, ಚಳಿಗಾಲದಲ್ಲಿ ಇನ್ನೂ ಹೆಚ್ಚು.

ಮದುವೆಗೆ ಮುಂಚೆ ಅರಸೀಕೆರೆಯ ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊತ್ತ ಬೆನ್ನು ಅದು. ತೊಂಬತ್ತೆರಡರಲ್ಲಿ, ಕಾರಿನಲ್ಲಿ ಒಬ್ಬರೇ ಉಳಿದಿದ್ದ ಹೆಂಗಸನ್ನು ಕಂಡು ಕನಿಕರದಿಂದ ಹಿಂದೆಮುಂದೆ ನೋಡದೆ ಎತ್ತಿಬಿಟ್ಟರಂತೆ. ಆಕೆ ಬೈದರು. “ನಾನೇನು ಮೂಟೆನಾ, ಕೇಳೋದು ಬೇಡ್ವಾ ಅಂದ್ರು. ಸರಿಯಾಗೇ ಅಂದ್ರು ಬಿಡಿ. ಮೂಟೆಗೆ ಭಯ ಇರಾಕಿಲ್ಲ, ಮನ್ಸುರಿಗೆ ಇರ್ತೈತೆ.” ಅಂದಿನಿಂದ ಮುದ್ದಮ್ಮ ಹಳೆಯ ದುಪ್ಪಟಿಯಿಂದ ಇಬ್ಬರ ಸೊಂಟ ಸೇರಿಸಿ ಬಿಗಿದು, “ಎತ್ಲಾ ಅವ್ವ?” ಎಂದು ಕೇಳುತ್ತಾರೆ. ಎತ್ತು ಅನ್ನುವವರೆಗೆ ಎತ್ತುವುದಿಲ್ಲ.

ಕಳೆದ ಕಾರ್ತಿಕದಲ್ಲಿ, ಜಿಟಿಜಿಟಿ ಮಳೆಯಲ್ಲಿ, ದ್ರಾಕ್ಷಾಯಣಿ ಎಂಬವರನ್ನು ಹೊತ್ತು ಇಳಿಯುವಾಗ ಮುದ್ದಮ್ಮನ ಕಾಲು ಜಾರಿತು. ಮುದ್ದಮ್ಮ ಇಳಿಯುವುದು ಏಣಿ ಇಳಿದ ಹಾಗೆ, ಮೆಟ್ಟಿಲಿಗೆ ಮುಖ ಮಾಡಿ. ಬಿದ್ದರೆ ತಾವು ಕಲ್ಲಿಗೆ ಬೀಳಬೇಕು, ಬೆನ್ನಿಗಿದ್ದವರು ಬೀಳಬಾರದು. ಹಾಗೆಯೇ ಆಯಿತು. ಇವರ ಮೊಣಕೈ ಮುರಿಯಿತು, ಬೆನ್ನ ಮೇಲಿದ್ದ ದ್ರಾಕ್ಷಾಯಣಿಗೆ ಒಂದು ತರಚು ಗಾಯವೂ ಆಗಲಿಲ್ಲ. ಮುದ್ದಮ್ಮ ಏಳಲಾರದೆ ಹೋದಾಗ ಓಡಿಬಂದ ಗಂಡಸರು ಗಂಟು ಬಿಚ್ಚಿ, ದ್ರಾಕ್ಷಾಯಣಿಯ ಕೈಕಾಲು ಹಿಡಿದು ವ್ಯಾನಿಗೆ ಸಾಗಿಸಿದರು.

ಆಮೇಲೆ ಮುದ್ದಮ್ಮ ಯಾರನ್ನೂ ಎತ್ತಿಲ್ಲ. ಮೂಳೆ ಕೂಡಿದೆ, ಕಿರುಬೆರಳಿನ ಜೋಮು ಬಿಟ್ಟಿಲ್ಲ. “ಅರ್ಧ ದಾರೀಲಿ ಕೈ ಸೋತ್ರೆ? ನಿದ್ದೇಲೂ ಬೀಳ್ತಾನೇ ಇರ್ತೀನಿ. ನಾನು ಬೀಳೋದಲ್ಲ, ಅವ್ರು ಬೀಳೋದು.”

ಇವತ್ತು ಅದೇ ದ್ರಾಕ್ಷಾಯಣಿ ಬಂದಿದ್ದಾರೆ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯನವರ ಮಗಳು. ಚಿಕ್ಕಂದಿನ ಪೋಲಿಯೋದಿಂದ ಎರಡೂ ಕಾಲಲ್ಲಿ ಬಲವಿಲ್ಲ. “ಮುದ್ದಮ್ಮ ಎತ್ತಿದ್ರೆ ಮಾತ್ರ ಬರ್ತೀನಿ ಅಂತ ಹೇಳಿಕಳಿಸಿದ್ದೆ. ಅವತ್ತು ಅಷ್ಟು ಜನ ಎತ್ತಿದ್ರು, ಒಬ್ಬರೂ ಕೇಳಲಿಲ್ಲ. ಮನೆಗೆ ಹೋಗಿ ಅತ್ತುಬಿಟ್ಟೆ” ಅನ್ನುತ್ತಾರೆ.

ದುಪ್ಪಟಿ ಬಿಗಿದಾಗಿದೆ. “ಎತ್ಲಾ ಅವ್ವ?”

ದ್ರಾಕ್ಷಾಯಣಿಯ ಬೆರಳು ಮುದ್ದಮ್ಮನ ಭುಜದಲ್ಲಿ ಊರಿವೆ.

“ನಿನಗೆ ಭಯ ಆಗ್ತಿದೆಯಾ?”

“ಆಯ್ತೈತೆ.”

“ನನಗೂ” ಅನ್ನುತ್ತಾರೆ ದ್ರಾಕ್ಷಾಯಣಿ. ತೋಳಿನಿಂದ ಮುದ್ದಮ್ಮನ ಕೊರಳು ಬಳಸಿ, “ಎತ್ತಮ್ಮ.”

ಮುದ್ದಮ್ಮ ಎತ್ತುತ್ತಾರೆ. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರೆಳೆದು ಹತ್ತುತ್ತಾರೆ. ಮೇಲೆ ಇಳಿಸಿದ್ದೇ ತಡ, ದ್ರಾಕ್ಷಾಯಣಿ ಕೈಯೂರಿ ತಾವೇ ಸರಿಯುತ್ತಾ ಗೋಡೆಯ ಬುಡದ ಆನೆಸಾಲಿನ ಮುಂದೆ ಹೋಗಿ ಕೂರುತ್ತಾರೆ. ನಿಂತವರು ಬಗ್ಗಿ ನೋಡಬೇಕಾದ ಆನೆಗಳು ಅವರ ಕಣ್ಣಿಗೆ ನೇರವಾಗಿವೆ. “ಬಾ ಮುದ್ದಮ್ಮ, ನೀನೂ ನೋಡು” ಎಂದು ಕರೆಯುತ್ತಾರೆ.

ಮುದ್ದಮ್ಮ ಹೋಗುವುದಿಲ್ಲ. ಮೆಟ್ಟಿಲ ತುದಿಯಲ್ಲಿ ಕೂತು ಬೆರಳು ನೀವಿಕೊಳ್ಳುತ್ತಾರೆ. ಇಷ್ಟು ವರ್ಷದಲ್ಲಿ ಒಂದು ವಿಗ್ರಹವನ್ನೂ ಸರಿಯಾಗಿ ನೋಡಿಲ್ಲವಂತೆ. “ಹತ್ತಿಸಿದ ಮೇಲೆ ಇಳಿಸ್ಬೇಕಲ್ಲ. ಕಣ್ಣು ಇಲ್ಲೇ ಇರ್ತೈತೆ.”

ಇಳಿಯುವಾಗ ನಡುವೆ ಒಮ್ಮೆ ಮುದ್ದಮ್ಮನ ಪಾದ ಗಾಳಿಯಲ್ಲಿ ಕಲ್ಲು ಹುಡುಕುತ್ತದೆ. ದ್ರಾಕ್ಷಾಯಣಿ ಕಣ್ಣು ಮುಚ್ಚುತ್ತಾರೆ. ನಾನೂ ಮುಚ್ಚುತ್ತೇನೆ. ತೆರೆದಾಗ ಮುದ್ದಮ್ಮ ಹುಲ್ಲಿನ ಮೇಲೆ ನಿಂತಿದ್ದಾರೆ.

ವ್ಯಾನಿನ ಸೀಟಿಗೆ ಕೂರಿಸಿದ ಮೇಲೂ ಮುದ್ದಮ್ಮ ಹಿಡಿದ ಕೈ ಬಿಡುವುದಿಲ್ಲ. “ಕೂತೆ ಕಣಮ್ಮ, ಬಿಡು” ಅಂದ ಮೇಲೆ ಒಂದೊಂದೇ ಬೆರಳು ಸಡಿಲಿಸುತ್ತಾರೆ.

ವ್ಯಾನು ಹೋದ ಮೇಲೆ ಭಯ ಹೋಯಿತೇ ಎಂದು ಕೇಳುತ್ತೇನೆ. ಮುದ್ದಮ್ಮ ದುಪ್ಪಟಿ ಕೊಡವಿ ಮಡಿಸುತ್ತಾರೆ.

“ಅದೆಲ್ಲಿ ಹೋಯ್ತದೆ. ಅವತ್ತು ಹತ್ತಿಸಿದ್ದೆ, ಇಳಿಸೋದು ಬಾಕಿ ಉಳ್ಕಂಡಿತ್ತು. ಇವತ್ತು ನಾನೇ ಇಳಿಸ್ದೆ.”