ಮೂರನೇ ಸಲಕ್ಕೆ ಹೂಂ

ಹೈದರಾಬಾದಿನ ಬೇಗಂಪೇಟೆಯ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ದಿನಗಳವು. ಆಫೀಸಿನಿಂದ ಮನೆ ಸೇರುವಷ್ಟರಲ್ಲಿ ಅಪ್ಪನ ಅಂಗಿಯ ತುಂಬ ಧೂಳು, ಮೂಗಿನ ತುದಿಯಲ್ಲಿ ಸಿಟ್ಟು. ಹಿಮಾಯತ್‌ನಗರದ ಹಳೆಯ ಮನೆಯೊಂದರ ಮಹಡಿಯ ಮೇಲೆ ನಮ್ಮ ವಾಸ. ಹೊರಗೆ ತೆಲುಗು, ಹಿಂದಿ. ಹೊಸ್ತಿಲು ದಾಟಿ ಒಳಗೆ ಬಂದರೆ ಕಲಬುರಗಿಯ ಕನ್ನಡ. ಇವುಗಳ ನಡುವೆ ನಾನೊಬ್ಬಳು ಜರ್ಮನ್ ಪುಸ್ತಕ ಹಿಡಿದು ಕೂತಿರುತ್ತಿದ್ದೆ.

ಆರನೇ ತರಗತಿಯಲ್ಲಿ ಗೆಳತಿಯರು ಆರಿಸಿಕೊಂಡರೆಂದು ನಾನೂ ಆರಿಸಿಕೊಂಡ ಭಾಷೆ ಅದು. ಹನ್ನೊಂದಕ್ಕೆ ಬರುವ ಹೊತ್ತಿಗೆ ಆ ಗೆಳತಿಯರೆಲ್ಲ ಬಿಟ್ಟು ಹೋಗಿ, ಮೇಲ್ಮಟ್ಟದ ಜರ್ಮನ್ ತರಗತಿಯಲ್ಲಿ ನಾವು ನಾಲ್ಕೇ ಜನ ಉಳಿದಿದ್ದೆವು. ಶಾಲೆಯ ಲೈಬ್ರರಿಯ ಮೂಲೆಯ ಮೇಜೇ ನಮ್ಮ ತರಗತಿ. ಲಲಿತಾ ಮೇಡಂ ಪುಟಗಟ್ಟಲೆ ಓದಿಸಿ, "ಅರ್ಥಮಯಿಂದಾ?" ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ಅರ್ಧ ಅರ್ಥವಾಗದಿದ್ದರೂ ಆ ಭಾಷೆಯ ಹುಚ್ಚು ನನಗೆ ಹಿಡಿದುಬಿಟ್ಟಿತ್ತು. ಉದ್ದನೆಯ ವಾಕ್ಯದ ಕೊನೆಗೆ ನಮ್ಮ ಕನ್ನಡದಂತೆಯೇ ಕ್ರಿಯಾಪದ ಬಂದು ಕೂತಾಗ, ಪರವೂರಿನಲ್ಲಿ ನಮ್ಮ ಕಡೆಯವರು ಯಾರೋ ಸಿಕ್ಕಷ್ಟು ಖುಷಿಯಾಗುತ್ತಿತ್ತು.

ಅಪ್ಪನಿಗೆ ಮಾತ್ರ ಅಂಕಗಳದೇ ಚಿಂತೆ.

"ನೋಡವಾ, ಜರ್ಮನ್ ಬಿಟ್ಟು ಸಂಸ್ಕೃತ ತಗೋ. ಮಾರ್ಕ್ಸ್ ಭಾಳ ಬೀಳ್ತಾವ."

"ನಾ ಬಿಡಂಗಿಲ್ಲಪ್ಪಾ."

"ಹಂಗಾದ್ರ ಮಾತಿನ ಪರೀಕ್ಷಾದಾಗ ಇಪ್ಪತ್ತಕ್ಕ ಹದಿನೈದು ತಂದು ತೋರಿಸು. ಇಲ್ಲಾಂದ್ರ ಸಂಕ್ರಾಂತಿ ಆದ ಮ್ಯಾಲ ಸಂಸ್ಕೃತನ."

ಆ ಪರೀಕ್ಷೆ ಒಂದು ಪುಟ್ಟ ನಾಟಕದ ಹಾಗೆ: ಪರೀಕ್ಷಕರು ಮನೆಯೊಡತಿ, ನಾನು ಅತಿಥಿ. ಕೇಕು, ಕಾಫಿಯ ನೆಪದಲ್ಲಿ ಹತ್ತು ನಿಮಿಷ ಜರ್ಮನ್‌ನಲ್ಲಿ ಹರಟಬೇಕು. ಮನೆಯಲ್ಲಿ ಅಭ್ಯಾಸಕ್ಕೆ ಸಿಕ್ಕವಳು ಅಪ್ಪನ ತಾಯಿ, ನಮ್ಮ ಆಯಿ. ಜರ್ಮನ್‌ನ ಒಂದಕ್ಷರ ಬಾರದ ಆಯಿ ಸೆರಗು ಸರಿಮಾಡಿಕೊಂಡು ಜರ್ಮನ್ ಹೆಂಗಸಾಗಿ ಚಾಪೆಯ ಮೇಲೆ ಕೂತಳು. ಮನೆಯೆಲ್ಲ ಹುರಿದ ಶೇಂಗಾ, ಬೆಲ್ಲದ ಪಾಕದ ವಾಸನೆ. ಕೇಕಿನ ಬದಲು ಬಿಸಿ ಬಿಸಿ ಶೇಂಗಾ ಉಂಡಿ.

"ತಗೋವಾ, ಉಂಡಿ ತಗೋ."

ನಾನು "ಯಾ, ಗೆರ್ನೆ" ಎಂದು, ಅಂದರೆ ಹೂಂ ಖುಷಿಯಿಂದ ಎಂದು, ಕೈ ಚಾಚಿದೆ. ಆಯಿ ಕೈಗೊಂದು ಏಟು ಕೊಟ್ಟಳು.

"ಏ ಹುಚ್ಚಿ! ಮಂದಿ ಮನ್ಯಾಗ ಒಮ್ಮೆ ಕೇಳಿದ ಕೂಡಲೆ ತಗೋತಾರೇನು? ಹಸಗೊಂಡು ಬಂದಾಳ ಅಂತಾರ. ಎರಡು ಸಲ ಒಲ್ಲೆ ಅನ್ನು. ಮೂರನೇ ಸಲ ತಗೋ."

ಅದು ನಮ್ಮ ಮನೆಯ ಕಾನೂನು. ಹದಿನೈದು ದಿನ ಆಯಿ ಕನ್ನಡದಲ್ಲಿ ಉಪಚಾರ ಮಾಡಿದಳು, ನಾನು ಜರ್ಮನ್‌ನಲ್ಲಿ ಬಿಂಕ ಮಾಡಿದೆ. "ನೈನ್, ಡಾಂಕೆ" ಎಂದು, ಅಂದರೆ ಬೇಡ, ಧನ್ಯವಾದ ಎಂದು, ಎರಡು ಸಲ, ಆಮೇಲೆ ಉಂಡಿ, ಆಮೇಲೆ ಮಾತೇ ಮಾತು. ಭಾಷೆಯ ಜೊತೆಗೆ ನಾನೂ ಬೆಳೆದೆ, ಅಡ್ಡಡ್ಡ.

ಪರೀಕ್ಷೆಗೆ ಬಂದವರು ಜರ್ಮನಿಯಲ್ಲಿ ಹುಟ್ಟಿ, ಹೈದರಾಬಾದಿನಲ್ಲಿ ನೆಲೆಸಿದ್ದ ಬಿಳಿಗೂದಲಿನ ಹೆಂಗಸು. ಕಾಟನ್ ಸೀರೆ ಉಟ್ಟಿದ್ದರು. ಮೇಜಿನ ಮೇಲೆ ಕೇಕಿನ ಚಿತ್ರವಿಟ್ಟು, ಒಂದು ತುಂಡು ಕೊಡಲೇ ಎಂದು ಜರ್ಮನ್‌ನಲ್ಲಿ ಕೇಳಿದರು.

"ನೈನ್, ಡಾಂಕೆ," ಎಂದೆ, ಆಯಿ ಕಲಿಸಿದಷ್ಟೇ ನಯವಾಗಿ.

ಅವರು ಚಿತ್ರವನ್ನು ಪಕ್ಕಕ್ಕೆ ಸರಿಸಿ, ಕಾಫಿಯಾದರೂ ಆಗಬಹುದೇ ಎಂದರು. ಅದಕ್ಕೂ "ನೈನ್, ಡಾಂಕೆ." ನಾನು ಮೂರನೆಯದಕ್ಕೆ ಕಾದೆ. ಅದು ಬರಲೇ ಇಲ್ಲ. ಅವರು ಗಡಿಯಾರ ನೋಡಿದರು. ತಿನ್ನದ, ಕುಡಿಯದ ಅತಿಥಿಯ ಹತ್ತಿರ ಏನು ಮಾತಾಡುವುದು? ಹಿಂದೆ ಕೂತಿದ್ದ ಲಲಿತಾ ಮೇಡಂ ಹಣೆಗೆ ಕೈ ಹಚ್ಚಿಕೊಂಡಿದ್ದರು. ಜರ್ಮನ್ ಕೈಬಿಟ್ಟು ಹೋಯಿತು ಎಂದು ಅಳುವೇ ಬಂತು.

ಆಗ ಯಾವ ಪುಸ್ತಕದಲ್ಲೂ ಇಲ್ಲದ ಮಾತು ಬಾಯಿಗೆ ಬಂತು, ಅದೂ ಜರ್ಮನ್‌ನಲ್ಲೇ. "ದಯವಿಟ್ಟು ಇನ್ನೊಂದು ಸಲ ಕೇಳಿ. ನಮ್ಮ ಮನೆಯಲ್ಲಿ ಮೊದಲು ಎರಡು ಸಲ ಬೇಡ ಅನ್ನಬೇಕು. ನನಗೆ ನಿಜವಾಗಿ ಕೇಕು ಬೇಕು."

ಅವರು ನನ್ನನ್ನೇ ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. "ಅಯ್ಯೋ ದೇವರೇ, ಇಷ್ಟು ವರ್ಷ ಈ ಊರಿನಲ್ಲಿ ಎಷ್ಟು ಜನರನ್ನು ನಾನು ಹಸಿದ ಹೊಟ್ಟೆಯಲ್ಲೇ ಕಳಿಸಿರಬೇಡ!" ಎಂದು ಜರ್ಮನ್‌ನಲ್ಲೇ ಹೇಳಿ, ಚಿತ್ರವನ್ನು ಮತ್ತೆ ನನ್ನ ಮುಂದೆ ಹಿಡಿದರು. ಆಯಿಯ ಬಗ್ಗೆ, ಉಂಡಿಯ ಪಾಕದ ಬಗ್ಗೆ ಕೇಳುತ್ತಲೇ ಹೋದರು. ಹತ್ತು ನಿಮಿಷ ದಾಟಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಇಪ್ಪತ್ತಕ್ಕೆ ಹದಿನೇಳು ಬಂತು. ಅಪ್ಪ ಹಾಳೆಯನ್ನು ತಿರುವಿ ತಿರುವಿ ನೋಡಿ, "ಆತು ಬಿಡು, ಜರ್ಮನ್‌ನ ಓದು," ಎಂದರು. ಆಯಿ ಒಳಗಿನಿಂದಲೇ ಕೂಗಿದಳು: "ಅದರಾಗ ಅರ್ಧ ನಂದು ಐತಿ!"

ಈಗ ನಾನು ಇದೇ ಊರಿನ ಕೊಂಡಾಪುರದ ಶಾಲೆಯೊಂದರಲ್ಲಿ ಜರ್ಮನ್ ಕಲಿಸುತ್ತೇನೆ. ನನ್ನ ಹನ್ನೊಂದನೇ ತರಗತಿಯ ಮಕ್ಕಳು ಲೈಬ್ರರಿಯ ಒಂದು ಮೇಜಿನ ಸುತ್ತ ಹಿಡಿಸುವುದಿಲ್ಲ, ಅದೊಂದು ಹೆಮ್ಮೆ. ಆಯಿ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಗೆ ಹೋದರೂ ಚಹಾ ಬೇಕೇ ಎಂದು ಒಂದೇ ಸಲ ಕೇಳುತ್ತಾರೆ. ನಾನೂ ಒಂದೇ ಸಲಕ್ಕೆ ಹೂಂ ಅನ್ನುವುದನ್ನು ಕಲಿತಿದ್ದೇನೆ. ಅನುಕೂಲವೇನೋ ಹೌದು. ಆದರೆ ನಾನು ಬೇಡ ಅಂದಮೇಲೂ ನನ್ನ ಮುಖ ನೋಡುತ್ತ ಕೂರುವವರು ಈಗ ಯಾರೂ ಇಲ್ಲ, ಆ ಕೊರತೆ ನನ್ನನ್ನು ಬಿಟ್ಟಿಲ್ಲ.

ಕಳೆದ ಸಂಕ್ರಾಂತಿಗೆ ನನ್ನ ತರಗತಿಗೆ ಡಬ್ಬಿ ತುಂಬ ಶೇಂಗಾ ಉಂಡಿ ಒಯ್ದಿದ್ದೆ. ಎಲ್ಲರೂ ತೆಗೆದುಕೊಂಡರು. ಹೊಸದಾಗಿ ಸೇರಿದ, ತರಗತಿಯಲ್ಲಿ ಬಾಯಿಯನ್ನೇ ಬಿಡದ ಒಬ್ಬ ಹುಡುಗಿ ಮಾತ್ರ ತಲೆ ತಗ್ಗಿಸಿ, "ನೈನ್, ಡಾಂಕೆ," ಎಂದಳು. ಇನ್ನೊಮ್ಮೆ ಕೇಳಿದೆ. ಮತ್ತೆ ಅದೇ. ಡಬ್ಬಿ ಮುಚ್ಚದೆ ಅವಳ ಮುಂದೆಯೇ ನಿಂತು ಮೂರನೇ ಸಲ ಕೇಳಿದೆ.

ಅವಳು ಎರಡು ತೆಗೆದುಕೊಂಡಳು.