ಹೋದ ಹೆಜ್ಜೆ, ಬಂದ ಹೆಜ್ಜೆ

ಬಿಸಿಲು ಇನ್ನೂ ಬಂಡೆಗಳ ನೆತ್ತಿ ಮುಟ್ಟಿಲ್ಲ. ಬಂಡೆಯ ಬಿರುಕಿನಂಥ ಓರೆಕುರಿ ಕೊರಕಲಿನ ಬಾಯಲ್ಲಿ ವಿಲ್ಮಾ ಬಿಟ್ಸೂಯಿ ಜುನಿಪರ್ ಕೊಂಬೆ ಹಿಡಿದು, ಹಿಮ್ಮುಖವಾಗಿ ನಡೆಯುತ್ತ ಮರಳು ಗುಡಿಸುತ್ತಿದ್ದಾರೆ. ತಮ್ಮ ಹೆಜ್ಜೆಯನ್ನೂ ಉಳಿಸುವುದಿಲ್ಲ.

"ಪ್ರವಾಸಿಗರು ನೋಡಿ, ಅಬ್ಬಾ, ಏನ್ ಚೊಕ್ಕಟ ಅಂತಾರೆ. ನಾನು ಹೂಂ ಅಂತೀನಿ," ಎಂದು ನಗುತ್ತಾರೆ.

ಚೊಕ್ಕಟಕ್ಕಲ್ಲ, ಎಣಿಕೆಗೆ. ಒಳಗೆ ಹೋದ ಹೆಜ್ಜೆಗಳೆಷ್ಟು, ಹೊರಗೆ ಬಂದವೆಷ್ಟು ಎಂದು ಈ ಮರಳು ಹೇಳುತ್ತದೆ. ಹೋಗಿಬರಲು ಇರುವುದು ಇದೊಂದೇ ಬಾಯಿ.

ಗುಡಿಸುವ ಮೊದಲು ಅವರು ಹಣೆಗೆ ದೀಪ ಕಟ್ಟಿಕೊಂಡು ಒಳಗೆ ಹೋಗಿ ಬಂದಾಗಿರುತ್ತದೆ. ಐದು ಏಣಿ, ಅರವತ್ನಾಲ್ಕು ಮೆಟ್ಟಿಲು, ನಲವತ್ತು ಬೋಲ್ಟು. ಎಲ್ಲವನ್ನೂ ಕೈಯಿಂದಲೇ ಅಲುಗಾಡಿಸಿ ನೋಡಬೇಕು. ಮೂರನೇ ಏಣಿಯಾಚೆ ಗೋಡೆಗಳು ಎಷ್ಟು ಹತ್ತಿರ ಬರುತ್ತವೆಂದರೆ ಚೀಲವನ್ನು ತಲೆಯ ಮೇಲೆ ಹೊತ್ತು, ಅಡ್ಡವಾಗಿ ಉಜ್ಜಿಕೊಂಡು ಹೋಗಬೇಕು. ವಯಸ್ಸು ಐವತ್ತೆಂಟು. ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿದೆ. "ಎಡಗಾಲಿಗೆ ಹೊಟ್ಟೆಕಿಚ್ಚು. ಅದೂ ಈಗ ನೋಯೋಕೆ ಶುರು ಮಾಡಿದೆ."

ಈ ಕೆಲಸಕ್ಕೆ ಇಪ್ಪತ್ತೆರಡು ವರ್ಷ. ಅದಕ್ಕೆ ಮುಂಚೆ ಹತ್ತಿರದ ಪೇಜ್ ಪಟ್ಟಣದ ವಸತಿಗೃಹವೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದರು. ಸೋಪಿನ ನೀರಿಗೆ ಕೈಯ ಚರ್ಮ ಸುಲಿಯಿತು. ಹೆಜ್ಜೆ ಓದುವುದು ಕಲಿತದ್ದು ಬಾಲ್ಯದಲ್ಲಿ, ಅಜ್ಜಿಯ ಕುರಿಗಳ ಹಿಂದೆ.

ಕಳೆದ ಆಗಸ್ಟಿನ ಒಂದು ಬೆಳಿಗ್ಗೆ ಈ ಓದು ಏಳು ಜೀವಕ್ಕೆ ಬೇಕಾಯಿತು. ಬೇಸಿಗೆಯಲ್ಲಿ ನಮ್ಮ ನವಾಹೊ ಬುಡಕಟ್ಟಿನ ನೆಲದ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಪಟ್ಟಣದ್ದು ಹೋಗುವುದಿಲ್ಲ. ಕೊರಕಲು ಎರಡರ ಅಂಚಿನಲ್ಲಿದೆ. ಫೋನು ಯಾವ ಗೋಪುರ ಹಿಡಿಯಿತೋ ಅದರ ಗಂಟೆ ತೋರಿಸುತ್ತದೆ. ಇದರಿಂದ ಒಮ್ಮೆಯಾದರೂ ಮದುವೆ ಊಟ ತಪ್ಪಿಸಿಕೊಳ್ಳದವರು ನಮ್ಮಲ್ಲಿಲ್ಲ.

ಅಂದು ವಿಲ್ಮಾರ ಅಕ್ಕನ ಮಗಳು, ದಾರಿ ತೋರಿಸುವ ಶೆರಿಲಿನ್, ಆರು ಪ್ರವಾಸಿಗರೊಂದಿಗೆ ಒಳಗೆ ಹೋಗಿದ್ದಳು. ಗೇಟಿನ ಬಳಿಯ ಹಲಗೆಯ ಮೇಲೆ 'ವಾಪಸ್ 11' ಎಂದು ಬರೆದಿದ್ದಳು. ತಲೆಯ ಮೇಲೆ ಆಕಾಶ ತಿಳಿಯಾಗಿತ್ತು. ದೂರದ ಪ್ರಸ್ಥಭೂಮಿಯ ಮೇಲೆ ಮಾತ್ರ ಕಪ್ಪು ಮೋಡ ಸುರಿಯುತ್ತಿತ್ತು. ಅಲ್ಲಿ ಬಿದ್ದ ನೀರು ಬರುವುದು ಈ ಬಿರುಕಿಗೇ.

ವ್ಯಾನಿನ ಚಾಲಕ ಲೀಲೆಂಡ್ ಫೋನು ನೋಡಿದ. "ಹನ್ನೊಂದಾಯ್ತು. ಹೊರಗೆ ಬಂದು ಎಲ್ಲೋ ನೆರಳಲ್ಲಿ ಕೂತಿರ್ತಾರೆ. ಗೇಟ್ ಹಾಕಿ, ಅವರನ್ನ ಹತ್ತಿಸ್ಕೊಂಡು ಹೊರಡೋಣ ಬಾ."

ವಿಲ್ಮಾ, ನಮ್ಮಲ್ಲಿನ ರೂಢಿಯಂತೆ, ತುಟಿ ಚಾಚಿ ಮರಳನ್ನು ತೋರಿಸಿದರು. ಒಳಮುಖವಾಗಿ ಏಳು ಜೊತೆ ಹೆಜ್ಜೆ. ಹೊರಮುಖವಾಗಿ ಒಂದೂ ಇಲ್ಲ. ಶೆರಿಲಿನ್ ಬರೆದದ್ದು ಪಟ್ಟಣದ ಹನ್ನೊಂದು. ಲೀಲೆಂಡನ ಫೋನು ತೋರಿಸಿದ್ದು ನಮ್ಮ ನೆಲದ್ದು; ಪಟ್ಟಣದಲ್ಲಿ ಇನ್ನೂ ಹತ್ತು ಗಂಟೆ.

ಲೀಲೆಂಡ್ ಮತ್ತೆ ಫೋನು ನೋಡಿದ. ಅಷ್ಟರಲ್ಲಿ ವಿಲ್ಮಾ ಮೊದಲ ಏಣಿಯಲ್ಲಿದ್ದರು.

ತಂಡ ಸಿಕ್ಕಿದ್ದು ನಾಲ್ಕನೇ ಏಣಿಯ ಬಳಿ. ಒಳಗಿದ್ದವರಿಗೆ ಮೋಡ ಕಾಣುವಂತಿರಲಿಲ್ಲ. ದಪ್ಪನೆಯ ಒಬ್ಬ ಪ್ರವಾಸಿ, "ಇನ್ನೊಂದೇ ಫೋಟೊ" ಅಂದನಂತೆ.

"ತೆಗಿ. ಹಿಂದೆ ನೀರು ಬರ್ತಾ ಇದೆ, ಫೋಟೊನ ಅದಕ್ಕೇ ತೋರಿಸು ಅಂದೆ. ಆಮೇಲೆ ನೋಡ್ಬೇಕಿತ್ತು ಅವನ ಓಟಾನ! ನಾನೇ ಹಿಂದೆ ಬಿದ್ದೆ," ಎನ್ನುತ್ತಾರೆ ವಿಲ್ಮಾ.

ಎಲ್ಲರೂ ಹೊರಬಂದು ದಿಬ್ಬ ಹತ್ತಿದ ಕಾಲು ಗಂಟೆಗೆ, ಮರದ ದಿಮ್ಮಿಗಳನ್ನು ಹೊತ್ತು ಕೆಂಪು ನೀರು ಬಾಯಿಂದ ಹೊರಹಾರಿತು. ಶೆರಿಲಿನ್ ನೆಲಕ್ಕೆ ಕುಸಿದು ಅತ್ತಳು. ವಿಲ್ಮಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

"ಕುಡಿಯೇ. ಇನ್ಮೇಲೆ ಹಲಗೆ ಮೇಲೆ ಯಾರ ಹನ್ನೊಂದು ಅಂತಾನೂ ಬರಿ."

"ಚಿಕ್ಕಮ್ಮಾ, ಬೈಬೇಡ."

"ಬೈತಿಲ್ಲ. ಬೈಯೋಕೆ ಎದುರಿಗೆ ನೀನಿದೀಯಲ್ಲ, ಅಷ್ಟು ಸಾಕು."

ಆರು ಪ್ರವಾಸಿಗರೂ ನೀರಿನ ಫೋಟೊ ತೆಗೆದುಕೊಂಡು ಹೋದರು. ಯಾರಾದರೂ ನಿಮ್ಮ ಹೆಸರು ಕೇಳಿದರೇ ಎಂದರೆ, "ಒಬ್ಬಳು ಶೌಚಾಲಯ ಎಲ್ಲಿ ಅಂತ ಕೇಳಿದ್ಲು. ಹೇಳ್ದೆ. ಓಡೋಡಿ ಬಂದಿದ್ಲಲ್ಲ, ಪಾಪ," ಎನ್ನುತ್ತಾರೆ.

ಏನಾದರೂ ಆಸೆ ಉಂಟೇ? ಹೇಳುತ್ತಾರೆ: "ಒಂದಿನ ನಾನೂ ಪ್ರವಾಸಿಗರ ಹಂಗೆ ನಡು ಮಧ್ಯಾಹ್ನ ಒಳಗೆ ಹೋಗ್ಬೇಕು. ಮೇಲಿಂದ ಬಿಸಿಲು ಕಂಬದ ಹಂಗೆ ಇಳಿಯತ್ತಂತೆ, ಗೋಡೆಯೆಲ್ಲ ಕೆಂಡದ ಹಂಗೆ ಹೊಳೆಯತ್ತಂತೆ. ಇಪ್ಪತ್ತೆರಡು ವರ್ಷ ನೆಲಾನೇ ನೋಡಿದೀನಿ. ಒಂದ್ಸಲ ಕತ್ತೆತ್ತಿ ನಡೀಬೇಕು."