ಅಂಗಳದಲ್ಲಿ ಉಜ್ಜಿದ ಗಾಜು

ಬೈಲಹೊಂಗಲದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕಿಯಾಗಿದ್ದೆ. ವಿಜ್ಞಾನಕ್ಕೆ ಸೇರುವವರು ಕಡಿಮೆಯಾಗುತ್ತ ಬಂದು, ಒಂದು ಬೇಸಿಗೆಯಲ್ಲಿ ಆ ವಿಭಾಗವನ್ನೇ ಮುಚ್ಚಿದರು. ಹೊರಡುವಾಗ ಪ್ರಾಚಾರ್ಯರು ಗುಜರಿಗೆ ಹಾಕಲಿದ್ದ ಸಾಮಾನು ತೋರಿಸಿ, "ನಿಮಗ ಏನರ ಬೇಕಾದ್ರ ತಗೊಂಡ ಹೋಗ್ರಿ" ಅಂದರು. ಮುರಿದ ಸೂಕ್ಷ್ಮದರ್ಶಕವೊಂದರಿಂದ ಕಣ್ಣಿಟ್ಟು ನೋಡುವ ಮಸೂರವನ್ನು ಬಿಚ್ಚಿಕೊಂಡು, ಬಸ್ಸು ಹತ್ತಿ ದೊಡವಾಡದ ಮನೆಗೆ ಬಂದೆ.

ಕೆಲಸಕ್ಕೆ ಅರ್ಜಿ ಹಾಕುವುದು, ಫೋನಿಗಾಗಿ ಕಾಯುವುದು, ಇಷ್ಟೇ ಆಯಿತು. ಮಧ್ಯಾಹ್ನ ಇಷ್ಟು ಉದ್ದವಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಹಿತ್ತಲಮನೆಯ ಕಾಕು ಬಂದು, "ಇನ್ನೂ ಎಲ್ಲೂ ಆಗ್ಲಿಲ್ಲೇನವಾ?" ಎಂದು ಕೇಳಿದಾಗಲೆಲ್ಲ ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಯಾರೋ ಮನೆಯಲ್ಲೇ ಗಾಜು ಉಜ್ಜಿ ದೂರದರ್ಶಕ ಮಾಡುವುದನ್ನು ನೋಡಿದೆ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಹೊತ್ತು. ನನ್ನ ಹತ್ತಿರ ಬೇರೇನಿತ್ತು?

ಗಾಜಿನ ಅಂಗಡಿಯವರು ಹಳೆಯ ಟೀಪಾಯಿಯ ದಪ್ಪ ಗಾಜಿನಿಂದ ಸಣ್ಣ ತಟ್ಟೆಯಗಲದ ಎರಡು ದುಂಡು ಬಿಲ್ಲೆ ಕತ್ತರಿಸಿಕೊಟ್ಟರು. ನೆಲದ ಫರಸಿಕಲ್ಲಿಗೆ ಹೊಳಪು ಕೊಡುವವರಿಂದ ಉಜ್ಜುವ ಒರಟು ಪುಡಿ ತಂದೆ. ಅಂಗಳದಲ್ಲಿ ಒಂದು ಡ್ರಮ್ಮಿಗೆ ಮಣ್ಣು ತುಂಬಿ ನಿಲ್ಲಿಸಿ, ಅದರ ಮೇಲೆ ಒಂದು ಬಿಲ್ಲೆ ಬಿಗಿದೆ. ಪುಡಿ ಉದುರಿಸಿ ನೀರು ಚಿಮುಕಿಸಿ, ಇನ್ನೊಂದು ಬಿಲ್ಲೆಯನ್ನು ಮೇಲಿಟ್ಟು ಹಿಂದೆ ಮುಂದೆ ಉಜ್ಜುತ್ತ, ಡ್ರಮ್ಮಿನ ಸುತ್ತ ಸುತ್ತುತ್ತಿದ್ದೆ. ಗರಗರ ಸದ್ದಿಗೆ ಕೋಳಿಗಳು ದೂರ ಓಡಿದವು.

ಹೊಲದಿಂದ ಬಂದ ಅಣ್ಣ ಕೇಳಿದ: "ಏನ ನಡಿಸೀ ಇದು?"

"ಚಂದ್ರನ್ನ ನೋಡೂ ದುರ್ಬೀನು ಮಾಡಾಕ ಹತ್ತೇನಿ."

ಅವನು ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಮರುದಿನ ನೀರಾವರಿಯ ಅಗಲ ಪೈಪಿನ ತುಂಡೊಂದನ್ನು ತಂದು ಗೋಡೆಗೆ ಒರಗಿಸಿ, "ಇದು ಸಾಕಾಗತೈತೇನ ನೋಡು" ಅಂದ.

ವಾರಗಳು ಹೋದವು. ಬರೀ ಉಜ್ಜುವುದರಿಂದಲೇ ಮೇಲಿನ ಗಾಜು ನಡುವೆ ತಗ್ಗಾಗತೊಡಗಿತ್ತು, ಕೆಳಗಿನದು ಉಬ್ಬತೊಡಗಿತ್ತು. ಎಷ್ಟು ತಗ್ಗಬೇಕೆಂದು ನನ್ನ ಕೈಗೆ ಯಾರೂ ಕಲಿಸಿರಲಿಲ್ಲ. ಎರಡು ಗಾಜುಗಳು ಒಂದನ್ನೊಂದು ಸವೆಸುತ್ತ ತಾವೇ ಗೋಲದ ಬಾಗನ್ನು ಹುಡುಕಿಕೊಳ್ಳುತ್ತಿದ್ದವು. ಒಂದು ಮುಂಜಾನೆ ಬಿಲ್ಲೆಯನ್ನು ನೀರಲ್ಲಿ ಅದ್ದಿ ಬಿಸಿಲಿಗೆ ಹಿಡಿದೆ. ಗೋಡೆಯ ಮೇಲೆ ಬಿದ್ದ ಬೆಳಕು ನಾನು ಹಿಂದೆ ಸರಿದಂತೆ ಕಿರಿದಾಗಿ, ಕೊನೆಗೆ ಒಂದು ಉರಿಯುವ ಚುಕ್ಕೆಯಾಗಿ ಕೂಡಿಕೊಂಡಿತು. ಅವ್ವನನ್ನು ಕೂಗಿ ತೋರಿಸಿದೆ. ಅವಳು ಆ ಚುಕ್ಕೆಯ ಮೇಲೆ ಅಂಗೈ ಇಟ್ಟು, "ಬೆಚ್ಚಗೈತಲ್ಲ!" ಅಂದಳು.

ಆಮೇಲೆ ನಯವಾದ ಪುಡಿ, ಕೊನೆಗೆ ರಾಳ ಮೆತ್ತಿದ ಬಿಲ್ಲೆಯ ಮೇಲೆ ಉಜ್ಜಿ ಮೆರುಗು. ನನ್ನ ಗಾಜಿಗಿನ್ನೂ ಕನ್ನಡಿಯಂತೆ ಹೊಳೆಯುವ ಲೇಪ ಕೊಡಿಸಿರಲಿಲ್ಲ. ಚಂದ್ರನ ಬೆಳಕಿಗೆ ಬರೀ ಗಾಜೇ ಸಾಕೆಂದು ಓದಿದ್ದೆ. ಪೈಪಿನ ತಳಕ್ಕೆ ಅದನ್ನು ಕೂಡಿಸಿ, ಬಾಯಿಯ ಹತ್ತಿರ ಕನ್ನಡಿಯ ಚೂರನ್ನು ಓರೆಯಾಗಿ ಸಿಕ್ಕಿಸಿ, ಪಕ್ಕದ ತೂತಿಗೆ ಕಾಲೇಜಿನ ಮಸೂರ ಇಟ್ಟೆ. ಅರ್ಧಚಂದ್ರ ನೆತ್ತಿಗೆ ಬಂದಿದ್ದ ಸಂಜೆ ಅದು. ಮಸೂರವನ್ನು ಹಿಂದೆ ಮುಂದೆ ಸರಿಸಿದೆ. ಮಸುಕು ಬೆಳಕು ಹಠಾತ್ತನೆ ಗಟ್ಟಿಯಾಯಿತು. ಕುಳಿಗಳು, ಗುಡ್ಡಗಳು, ಗುಡ್ಡಗಳ ಕರಿ ನೆರಳು! ಟೀಪಾಯಿಯ ಗಾಜಿನೊಳಗೆ ಅಷ್ಟು ದೂರದ ನೆಲ ಬಂದು ಕೂತಿತ್ತು.

ಅಣ್ಣ ನೋಡಿ, ಕಾಕುಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದ. ಕಾಕು ನೋಡಿ, "ಅಯ್ಯ ಶಿವನ!" ಎಂದು ಕೈಮುಗಿದಳು. ಅವ್ವ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ.

"ನಡುವ ಗೆರಿ ಹಂಗ ಐತಲ್ಲ, ಬೆಳಕೂ ಕತ್ತಲೂ ಕೂಡೂದು, ಅದೇನು?"

"ಅಲ್ಲೆ ಈಗ ಹೊತ್ತ ಹುಟ್ಟಾಕ ಹತ್ತೈತಿ, ಯವ್ವಾ."

"ಅಂದ್ರ ನಾವು ಇಲ್ಲೆ ಸಂಜಿ ದೀಪಾ ಹಚ್ಚಿ ಕುಂತೇವಿ, ಅಲ್ಲೆ ಮುಂಜಾನಿ?"

ನಾನು ಹೂಂ ಅಂದೆ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ. ಅವಳ ಬಾಯಲ್ಲಿ ಕೇಳಿದಾಗಲೇ ಅದು ನಿಜವೆನಿಸಿತು.

ಮುಂದಿನ ವರ್ಷ ಸವದತ್ತಿ ಕಡೆಯ ಒಂದು ಶಾಲೆಯಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಈಗ ಮನೋಳಿಯಲ್ಲಿ ಬಾಡಿಗೆಗಿದ್ದೇನೆ. ಗಾಜಿಗೆ ಲೇಪ ಕೊಡಿಸಿದ ಮೇಲೆ ಶನಿಯ ಬಳೆಯೂ ಕಂಡಿತು. ಆಕಾಶ ತಿಳಿಯಾದ ದಿನ ಓಣಿಯ ಹೆಂಗಸರು ಅಡುಗೆ ಮುಗಿಸಿ, "ಇವತ್ತ ಏನ ತೋರಸ್ತೀರಿ, ಬಾಯಾರ?" ಎನ್ನುತ್ತ ಮಾಳಿಗೆ ಹತ್ತಿ ಬರುತ್ತಾರೆ.